ಆಸ್ಪಿರಿನ್ ಮಾತ್ರೆಯ ನೇರಳೆ ಬಣ್ಣ: ಒಂದೇ ಪರೀಕ್ಷೆ, ಎರಡು ಅಳತೆ

ಲಕ್ಷಾಂತರ ರೂಪಾಯಿ ಬೆಲೆಯ ಎಚ್‌ಪಿಎಲ್‌ಸಿ ಯಂತ್ರವಿಲ್ಲದೆ, ಮಾತ್ರೆಯಲ್ಲಿ ಲೇಬಲ್ ಹೇಳುವಷ್ಟು ಔಷಧವಿದೆಯೇ ಎಂಬುದನ್ನು ಘಟಕದ ಪ್ರಯೋಗಾಲಯದಲ್ಲಿಯೇ ತಿಳಿಯಲು ಸಾಧ್ಯವೇ? ಔಷಧ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಸಹಜವಾಗಿ ಏಳುವ ಪ್ರಶ್ನೆಯಿದು. ಸಾಧ್ಯವಿದೆ, ಆದರೆ ತಾವು ಅಳೆಯುತ್ತಿರುವುದು ಏನನ್ನು ಎಂಬ ಅರಿವು ಇರಬೇಕು. 1899ರಿಂದ ಮಾರುಕಟ್ಟೆಯಲ್ಲಿರುವ ಆಸ್ಪಿರಿನ್ ಇದಕ್ಕೆ ಒಳ್ಳೆಯ ಉದಾಹರಣೆ.

ತತ್ತ್ವ ಸರಳವಾದುದು. ಬಣ್ಣದ ದ್ರಾವಣವು ಬೆಳಕನ್ನು ಹೀರಿಕೊಳ್ಳುವ ಪ್ರಮಾಣವು, ಒಂದು ಮಿತಿಯೊಳಗೆ, ಅದರಲ್ಲಿ ಕರಗಿರುವ ಬಣ್ಣದ ವಸ್ತುವಿನ ಸಾಂದ್ರತೆಗೆ ಅನುಗುಣವಾಗಿರುತ್ತದೆ. ಇದನ್ನು ಬಿಯರ್–ಲ್ಯಾಂಬರ್ಟ್ ನಿಯಮವೆನ್ನುತ್ತಾರೆ. ಆಸ್ಪಿರಿನ್‌ಗೆ ಸ್ವತಃ ಬಣ್ಣವಿಲ್ಲ, ಫೆರಿಕ್ ಕ್ಲೋರೈಡ್ ಬೆರೆಸಿದರೂ ಅದು ಬಣ್ಣ ಕೊಡುವುದಿಲ್ಲ. ಕ್ಷಾರದಲ್ಲಿ ಕಾಯಿಸಿದಾಗ ಅದು ಒಡೆದು ಸ್ಯಾಲಿಸಿಲಿಕ್ ಆಮ್ಲದ ಲವಣವಾಗುತ್ತದೆ. ಆಮ್ಲೀಯ ಮಾಧ್ಯಮದಲ್ಲಿ ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣ ತಾಳುವುದು ಈ ಸ್ಯಾಲಿಸಿಲಿಕ್ ಆಮ್ಲವೇ.

ಇಪ್ಪತ್ತು ಮಾತ್ರೆಗಳನ್ನು ತೂಗಿ, ನುಣ್ಣಗೆ ಪುಡಿಮಾಡಿ, 300 ಮಿ.ಗ್ರಾಂ. ಆಸ್ಪಿರಿನ್‌ಗೆ ಸಮನಾದ ಪುಡಿಯನ್ನು ತೆಗೆದುಕೊಳ್ಳಬೇಕು. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ 10 ಮಿ.ಲೀ. ದ್ರಾವಣದಲ್ಲಿ ಅದನ್ನು ಕಾಯಿಸಿ, ಆರಿಸಿ, ನೀರಿನಿಂದ 250 ಮಿ.ಲೀ.ಗೆ ತಂದು ಸೋಸಬೇಕು. ಟಾಲ್ಕ್ ಮೊದಲಾದ ಕರಗದ ಪದಾರ್ಥಗಳು ಸೋಸುಕಾಗದದಲ್ಲಿ ಉಳಿಯುತ್ತವೆ. ಸೋಸಿದ ದ್ರಾವಣದ 5 ಮಿ.ಲೀ.ಗೆ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ 0.02 ಮೋಲಾರ್ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬೆರೆಸಿ 100 ಮಿ.ಲೀ. ಮಾಡಿ, 530 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆಯಬೇಕು. ಹಸಿರು ಫಿಲ್ಟರ್ ಇರುವ ಸಾಧಾರಣ ಕಲರಿಮೀಟರ್ ಇದಕ್ಕೆ ಸಾಕು. ಫೆರಿಕ್ ಕ್ಲೋರೈಡ್ ತಾನೇ ಹಳದಿಯಾದುದರಿಂದ ಔಷಧವಿಲ್ಲದ ಅದೇ ದ್ರಾವಣದಿಂದ ಉಪಕರಣವನ್ನು ಸೊನ್ನೆಗೆ ತರಲು ಮರೆಯಬಾರದು. ಶುದ್ಧ ಸ್ಯಾಲಿಸಿಲಿಕ್ ಆಮ್ಲದ ನಾಲ್ಕೈದು ಪ್ರಮಾಣಕ ದ್ರಾವಣಗಳನ್ನು ಹೀಗೆಯೇ ಅಳೆದು ನಕ್ಷೆ ಎಳೆದರೆ ಮಾತ್ರೆಯ ಲೆಕ್ಕ ಸಿಗುತ್ತದೆ. 300 ಮಿ.ಗ್ರಾಂ. ಆಸ್ಪಿರಿನ್ ಪೂರ್ತಿ ಒಡೆದರೆ ಸುಮಾರು 230 ಮಿ.ಗ್ರಾಂ. ಸ್ಯಾಲಿಸಿಲಿಕ್ ಆಮ್ಲ ಬರುತ್ತದೆ.

ಇಷ್ಟಕ್ಕೇ ತೃಪ್ತರಾಗುವವರು ಮೋಸಹೋಗುವುದು ಇಲ್ಲಿಯೇ. ಆಸ್ಪಿರಿನ್ ತೇವಾಂಶವನ್ನು ಸಹಿಸದ ಔಷಧ. ಮಳೆಗಾಲದಲ್ಲಿ ಗೋದಾಮಿನ ತೇವ ತಗುಲಿದರೆ ಅದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲಗಳಾಗಿ ತಾನೇ ಒಡೆಯತೊಡಗುತ್ತದೆ. ಹಳೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ವಿನಿಗರ್ ವಾಸನೆ ಇದರದೇ. ಒಂದು ಮಾತ್ರೆಯ 300 ಮಿ.ಗ್ರಾಂ.ನಲ್ಲಿ 30 ಮಿ.ಗ್ರಾಂ. ಹೀಗೆ ಕೆಟ್ಟಿದೆಯೆನ್ನೋಣ. ನಾವು ಮಾತ್ರೆಯನ್ನು ಕ್ಷಾರದಲ್ಲಿ ಕಾಯಿಸಿ ಉಳಿದುದನ್ನೂ ಒಡೆಯುತ್ತೇವೆ. ಮೊದಲೇ ಒಡೆದದ್ದೂ ಈಗ ಒಡೆದದ್ದೂ ಒಂದೇ ಬಣ್ಣ ಕೊಡುತ್ತವೆ. ಉಪಕರಣ ನೂರಕ್ಕೆ ನೂರು ಎಂದು ತೋರಿಸುತ್ತದೆ. ಮಾತ್ರೆಯಲ್ಲಿ ಇರುವ ಆಸ್ಪಿರಿನ್ 270 ಮಿ.ಗ್ರಾಂ. ಮಾತ್ರ!

ಅದೃಷ್ಟಕ್ಕೆ ಈ ದೋಷವನ್ನು ಹಿಡಿದುಕೊಡುವುದೂ ಅದೇ ಬಣ್ಣ. ಅಷ್ಟೇ ಪುಡಿಯನ್ನು ಕ್ಷಾರವಿಲ್ಲದೆ, ಕಾಯಿಸದೆ, ತಣ್ಣನೆಯ ಆಲ್ಕೋಹಾಲಿನಲ್ಲಿ ಕಲಕಿ ಸೋಸಿ, ಫೆರಿಕ್ ಕ್ಲೋರೈಡ್ ಬೆರೆಸಿದೊಡನೆಯೇ ಅಳೆಯಬೇಕು. ಈಗ ಕಾಣುವ ನೇರಳೆ ಕೆಟ್ಟ ಭಾಗದ್ದು. ಇದರ ನಕ್ಷೆಯ ಪ್ರಮಾಣಕಗಳಲ್ಲಿಯೂ ಅಷ್ಟೇ ಆಲ್ಕೋಹಾಲ್ ಇರಬೇಕು. ಮೇಲಿನ ಉದಾಹರಣೆಯಲ್ಲಿ ಸುಮಾರು 23 ಮಿ.ಗ್ರಾಂ. ಸ್ಯಾಲಿಸಿಲಿಕ್ ಆಮ್ಲ ದೊರೆಯುತ್ತದೆ, ಅದನ್ನು 1.304ರಿಂದ ಗುಣಿಸಿದರೆ ನಷ್ಟವಾದ 30 ಮಿ.ಗ್ರಾಂ. ಆಸ್ಪಿರಿನ್ ಲೆಕ್ಕಕ್ಕೆ ಸಿಗುತ್ತದೆ. ತಡಮಾಡಿದರೆ ಆಮ್ಲೀಯ ದ್ರಾವಣದಲ್ಲಿ ಒಳ್ಳೆಯ ಆಸ್ಪಿರಿನ್ ಕೂಡ ಒಡೆದು ಅಳತೆ ಸುಳ್ಳಾಗಿ ಏರುತ್ತದೆ. ಪ್ಯಾರಾಸಿಟಮಾಲನ್ನು ಆಮ್ಲದಲ್ಲಿ ಒಡೆದು ಬಣ್ಣ ಬರಿಸುವ ವಿಧಾನಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅಲ್ಲಿ ಗಮನಿಸಬೇಕಾದ ವಸ್ತು ಪ್ಯಾರಾ-ಅಮೈನೊಫಿನಾಲ್.

ಈ ಪರೀಕ್ಷೆ ಇಂಡಿಯನ್ ಫಾರ್ಮಕೋಪಿಯ ವಿಧಿಸಿದ ಪರೀಕ್ಷೆಗೆ ಬದಲಿಯಲ್ಲವೆಂಬುದನ್ನು ತಯಾರಕರು ನೆನಪಿನಲ್ಲಿಡಬೇಕು. ಮಿಶ್ರಣ ಸಮನಾಗಿದೆಯೇ, ಉಗ್ರಾಣದ ಹಳೆಯ ಬ್ಯಾಚು ಹೇಗಿದೆ ಎಂಬ ದಿನನಿತ್ಯದ ತಪಾಸಣೆಗೆ ಇದು ಯೋಗ್ಯ. ಬ್ಯಾಚಿನ ಪುಸ್ತಕದಲ್ಲಿ ಎರಡೂ ಅಳತೆಗಳನ್ನು ಅಕ್ಕಪಕ್ಕದಲ್ಲಿ ಬರೆಯುವ ರೂಢಿ ಮಾಡಿಕೊಳ್ಳುವುದು ಒಳಿತು.

ವ್ಯಾಪಾರಿಗಳಿಗೂ ಇದರಲ್ಲಿ ಪಾಲಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 19(3)ನೇ ಕಲಮು, ಪರವಾನಗಿ ಪಡೆದವರಿಂದ ಖರೀದಿಸಿದ ಮತ್ತು ದೋಷ ಅರಿಯದ ಮಾರಾಟಗಾರರಿಗೆ ರಕ್ಷಣೆ ಕೊಡುತ್ತದೆ. ಆದರೆ ಔಷಧವನ್ನು ಸರಿಯಾಗಿ ದಾಸ್ತಾನು ಮಾಡಿದ್ದೆವೆಂದೂ ತಮ್ಮ ವಶದಲ್ಲಿದ್ದಾಗ ಅದು ಬಂದ ಸ್ಥಿತಿಯಲ್ಲಿಯೇ ಇತ್ತೆಂದೂ ಅವರು ತೋರಿಸಬೇಕಾಗುತ್ತದೆ. ಸೋರುವ ಗೋಡೆಗೆ ತಾಗಿಸಿ ಪೆಟ್ಟಿಗೆ ಜೋಡಿಸಿದವರಿಗೆ ಅದನ್ನು ತೋರಿಸುವುದು ಕಷ್ಟ.