ಆಷಾಢದಲ್ಲೂ ಬರುವ ಕಂತು

ಚಿಕ್ಕನರಗುಂದದಂಥ ಊರಲ್ಲಿ ಮದುವೆ ಫೋಟೊ ತೆಗೆದು ಬದುಕುವವನು ಒಂದೇ ಲೆನ್ಸಿಗೆ 25 ಸಾವಿರ ಹಾಕಬೇಕೇ? ನಾನು ಹಾಕಿದೆ. ಕ್ಯಾನನ್ ಆರ್‌ಎಫ್ 16 ಎಂಎಂ ಎಫ್/2.8. ತೂಕ 165 ಗ್ರಾಂ, ಮುಷ್ಟಿಯೊಳಗೆ ಮುಚ್ಚಿಡಬಹುದು. "ಇಷ್ಟಕ್ಕ ಇಷ್ಟು ರೊಕ್ಕ ಯಾಕ ಕೊಟ್ರಿ ಸರ?" ಅಂದ ಜೊತೆಗೆ ಬರುವ ವಿಡಿಯೊ ಹುಡುಗ.

ಪಡಸಾಲೆಗಾಗಿ ಕೊಟ್ಟೆ. ನಮ್ಮ ಕಡೆ ಅರಿಷಿಣ, ಸುರಗಿ ಎಲ್ಲ ಇನ್ನೂ ಎಷ್ಟೋ ಮಂದಿ ಮನೆಯಲ್ಲೇ ಮಾಡುತ್ತಾರೆ. ಮಾಳಿಗೆ ಮನೆ, ನಡುವೆ ಕಂಬ, ಹಿಂದೆ ಸರಿದರೆ ಗೋಡೆ. ಎಂಟು ಅಡಿ ದೂರದಿಂದ 24 ಎಂಎಂ ಹನ್ನೆರಡು ಅಡಿ ಅಗಲ ಹಿಡಿದರೆ, 16 ಎಂಎಂ ಹದಿನೆಂಟು ಅಡಿ ಹಿಡಿಯುತ್ತದೆ. ಆ ಹೆಚ್ಚಿನ ಆರು ಅಡಿಯಲ್ಲೇ ಸೋದರಮಾವಂದಿರು, ದೊಡ್ಡವ್ವಂದಿರು ನಿಂತಿರುತ್ತಾರೆ. ಆಲ್ಬಮ್‌ನಲ್ಲಿ ಅವರಿಲ್ಲದಿದ್ದರೆ ನನ್ನ ಬಾಕಿ ವಸೂಲಾಗುವುದಿಲ್ಲ. ಕೊರತೆಗಳೂ ಇವೆ: ಅಂಚಿನಲ್ಲಿ ನಿಂತವರು ದಪ್ಪ ಕಾಣುತ್ತಾರೆ, ಮೂಲೆಗಳು ಮೆತ್ತಗೆ, ಹುಡ್ ಬೇರೆ ಕೊಳ್ಳಬೇಕು. ಆರ್‌ಎಫ್ 50 ಎಫ್/1.8 ಇದ್ದವರಿಗೆ ಅದರ 43 ಎಂಎಂ ಫಿಲ್ಟರೇ ಕೂಡುತ್ತದೆ, ಅಷ್ಟು ಉಳಿತಾಯ. 15-35 ಎಫ್/2.8 ಇದಕ್ಕಿಂತ ಚೆಂದದ್ದು. 840 ಗ್ರಾಂ ತೂಕ. ಬೆಲೆಯ ಮಾತು ಬೇಡ.

ನನಗೆ ಸಿಟ್ಟು ಬರಿಸಿದ್ದು ಲೆನ್ಸ್ ಅಲ್ಲ, ಅದರ ಜೊತೆ ಅಂಟಿಸಲು ನೋಡಿದ ನೋ-ಕಾಸ್ಟ್ ಇಎಂಐ. ಹುಬ್ಬಳ್ಳಿಯ ಅಂಗಡಿಯವರು ಹೇಳಿದ ಬೆಲೆ 26,000. ನಗದು ಕೊಟ್ಟರೆ 25,000. ಕಾರ್ಡ್ ಉಜ್ಜಿದರೆ ಹನ್ನೆರಡು ಕಂತು, "ಬಡ್ಡಿ ಇಲ್ಲ". ಅಲ್ಲೇ ಕೂತು ಲೆಕ್ಕ ಹಾಕಿದೆ. ಬ್ಯಾಂಕಿನ ದರ ಶೇ 15. ತಿಂಗಳಿಗೆ 2,167ರಂತೆ ಕಟ್ಟಿದರೆ ಅದರಲ್ಲಿ ಅಸಲು ಸುಮಾರು 24,005, ಬಡ್ಡಿ 1,995. ಈ ಬಡ್ಡಿಯನ್ನು 'ರಿಯಾಯಿತಿ' ಎಂದು ಮೊದಲೇ ಕಳೆದು ತೋರಿಸುತ್ತಾರೆ. ಆದರೆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ 359 ರೂಪಾಯಿ, ನನ್ನದೇ. ಪ್ರೊಸೆಸಿಂಗ್ ಶುಲ್ಕ 199, ಅದಕ್ಕೂ ಜಿಎಸ್‌ಟಿ, ಒಟ್ಟು 235. ಕೈಬಿಟ್ಟ ನಗದು ರಿಯಾಯಿತಿ 1,000. ಎಲ್ಲ ಕೂಡಿ 1,594. ಅಸಲು ತಿಂಗಳು ತಿಂಗಳು ಕರಗುವುದರಿಂದ ಇದು ವರ್ಷಕ್ಕೆ ಹೆಚ್ಚೂಕಡಿಮೆ ಶೇ 11.5 ಬಡ್ಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಹೆಸರು ಬದಲಾಯಿತು, ಅಷ್ಟೇ.

ಶೇ 11.5 ಸಹಿಸಬಹುದು ಎನ್ನುವವರಿದ್ದಾರೆ. ಸಂಬಳದವರು ಸಹಿಸಲಿ. ನಮ್ಮ ಎರೆ ಹೊಲದ ಸೀಮೆಯಲ್ಲಿ ರೊಕ್ಕ ತಿಂಗಳಿಗೊಮ್ಮೆ ಬರುವುದಿಲ್ಲ. ಹೆಸರು ಮಾರಿದಾಗ, ಉಳ್ಳಾಗಡ್ಡಿ ಮಾರಿದಾಗ, ಕಡಲೆ ಮಾರಿದಾಗ ಬರುತ್ತದೆ. ನನ್ನ ಗಿರಾಕಿಗಳು ಬಾಕಿ ಕೊಡುವುದೂ ಆಗಲೇ. ಆಷಾಢದಲ್ಲಿ ಮದುವೆ ಇಲ್ಲ, ಕಂತು ಮಾತ್ರ ಇರುತ್ತದೆ. ಒಂದು ತಿಂಗಳು ತಪ್ಪಿದರೆ ದಂಡ, ಅದಕ್ಕೂ ಜಿಎಸ್‌ಟಿ, ಸಿಬಿಲ್‌ಗೆ ಪೆಟ್ಟು.

ಈ ಕಸುಬಿಗೆ ಬರುವ ಹುಡುಗರು ಮೊದಲು ಕಂತು ಹಾಕುತ್ತಾರೆ, ಆಮೇಲೆ ಲೆನ್ಸ್ ಯಾಕೆ ಬೇಕಿತ್ತೆಂದು ಹುಡುಕುತ್ತಾರೆ. ಅದರ ಬದಲು ಕಳೆದ ಹಂಗಾಮಿನ ಫೋಟೊಗಳನ್ನು ತೆರೆದು ಫೋಕಲ್ ಲೆಂಗ್ತ್ ನೋಡಿರಿ. ಹೆಚ್ಚಿನವು 24ಕ್ಕೇ ತಾಗಿ ನಿಂತಿದ್ದರೆ ನಿಮಗೆ 16 ಬೇಕು. 35, 50ರಲ್ಲಿದ್ದರೆ ಬೇಡ. ಪ್ರತಿ ಮದುವೆಯ ಮುಂಗಡದಲ್ಲಿ ಹತ್ತರಲ್ಲೊಂದು ಭಾಗ ತೆಗೆದಿಟ್ಟರೆ ಅಂಗಡಿಯವನ ಹತ್ತಿರ ನಗದು ದರ ಕೇಳುವ ಧೈರ್ಯ ಬರುತ್ತದೆ.

ಇನ್ನೊಂದು ಮಾತು. ಆರ್10, ಆರ್50 ಕ್ಯಾಮೆರಾ ಇದ್ದವರು ಈ ಲೆನ್ಸ್ ಕೊಳ್ಳಲೇಬೇಡಿ. 1.6 ಕ್ರಾಪ್‌ನಲ್ಲಿ 16 ಎಂಎಂ 25.6 ಆಗುತ್ತದೆ, ಕಿಟ್ 18-45 ಅದರ ಹತ್ತಿರಕ್ಕೇ ಬರುತ್ತದೆ.