ಬಾನುಲಿ ಅಂಟೆನಾದ ಕೇಬಲ್ಲಿಗೆ ಮೂಷಿಕಬಾಧೆ: ಕಾರಣ ಮತ್ತು ನಿವಾರಣೆ

ಶಾಲೆಯ ಮಾಳಿಗೆಯ ಮೇಲೆ ಬಾನುಲಿ ಅಂಟೆನಾವನ್ನು ನಿಲ್ಲಿಸುವ ದಿನ ಎಲ್ಲರ ದೃಷ್ಟಿಯೂ ಕಂಬದ ತುದಿಯಲ್ಲಿರುತ್ತದೆ. ಅಲ್ಲಿಂದ ಇಳಿದು, ಗೋಡೆಯನ್ನು ಹಾಯ್ದು, ಯಂತ್ರವನ್ನು ಸೇರುವ ಕೇಬಲ್ಲಿನ ಕಡೆಗೆ ಗಮನ ಹರಿಸುವವರು ವಿರಳ. ಇಲಿ, ಹೆಗ್ಗಣ, ಅಳಿಲುಗಳು ಮಾತ್ರ ಅದನ್ನು ಮರೆಯುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನ್ ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿ ಬಾನುಲಿಗರ ತಂಡವು ಅಲ್ಲಿನ ಸಂದೇಶಗಳನ್ನು ಹೊರಗಿನವರಿಗೆ ಮುಟ್ಟಿಸಿತು. ಅಂತಹ ದಿನ ನಮ್ಮ ಯಂತ್ರವೂ ಮೂಕವಾಗಬಾರದೆಂದಿದ್ದರೆ ಕೇಬಲ್ಲಿನ ರಕ್ಷಣೆಯನ್ನು ಕುರಿತು ಮೊದಲೇ ಚಿಂತಿಸಬೇಕು.

ಈ ದಂಶಕ ಪ್ರಾಣಿಗಳು ಕೇಬಲ್ಲನ್ನು ಕಡಿಯುವುದು ಹಸಿವಿನಿಂದಲ್ಲ. ಅವುಗಳ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗದಲ್ಲಿ ಮಾತ್ರ ಗಟ್ಟಿಯಾದ ಎನಾಮೆಲ್ ಇರುವುದರಿಂದ ಹಿಂಭಾಗವು ಬೇಗ ಸವೆದು, ಹಲ್ಲು ಬಡಗಿಯ ಉಳಿಯಂತೆ ಸದಾ ಹರಿತವಾಗಿರುತ್ತದೆ. ಕಡಿಯುವುದೇ ಅವುಗಳ ಸ್ವಭಾವ. ಆದುದರಿಂದ ಖಾರದ ಲೇಪನಗಳು ಮಳೆಗೆ ತೊಳೆದುಹೋಗುವವರೆಗೆ ಮಾತ್ರ ಉಪಯೋಗಕ್ಕೆ ಬಂದಾವು. ಪಾಷಾಣವಿಡುವುದಂತೂ ಮಕ್ಕಳು ಓಡಾಡುವ ಆವರಣದಲ್ಲಿ ಸಲ್ಲದು; ವಿಷ ತಿಂದ ಇಲಿಯನ್ನು ಹಿಡಿಯುವ ಗೂಬೆಗೂ ಅದರಿಂದ ಅಪಾಯ.

ಕೇಬಲ್ಲಿನ ನಡುವೆ ತಾಮ್ರದ ತಂತಿ, ಅದರ ಸುತ್ತ ಪಾಲಿಥೀನ್, ಅದರ ಮೇಲೆ ತಾಮ್ರದ ಎಳೆಗಳ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತವೆ. ಹೊದಿಕೆಗೆ ಸಣ್ಣ ಗಾಯವಾದರೂ ಮಳೆಯ ನೀರು ಒಳಹೊಕ್ಕು, ಬತ್ತಿಯು ಎಣ್ಣೆಯನ್ನು ಹೀರುವಂತೆ ಹೆಣಿಗೆಯುದ್ದಕ್ಕೂ ಹರಿಯುತ್ತದೆ. ತಾಮ್ರವು ಕಿಲುಬು ಹಿಡಿದು, ಸಂಕೇತದ ಶಕ್ತಿಯು ದಾರಿಯಲ್ಲೇ ಶಾಖವಾಗಿ ವ್ಯರ್ಥವಾಗುತ್ತದೆ.

ಇಲ್ಲಿ ಒಂದು ಮೋಸವುಂಟು. ಅಂಟೆನಾದಿಂದ ಮರಳುವ ತರಂಗವನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರು, ಕೇಬಲ್ ಕೆಟ್ಟಾಗ ಹಿಂದಿಗಿಂತ ಉತ್ತಮ ಅಂಕಿಯನ್ನೇ ತೋರಿಸಬಹುದು. ಮರಳುವ ತರಂಗವೂ ಕೇಬಲ್ಲಿನಲ್ಲೇ ನಶಿಸುವುದೇ ಇದಕ್ಕೆ ಕಾರಣ. ಆದುದರಿಂದ ಯಂತ್ರವನ್ನು ನಿಲ್ಲಿಸಿ, ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ, ನಡುತಂತಿ ಮತ್ತು ಹೆಣಿಗೆಗಳ ಮಧ್ಯೆ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಅಲ್ಲಿ ಸಂಪರ್ಕ ಕಂಡುಬಂದರೆ ದೋಷವಿರುವುದು ನಿಶ್ಚಯ. ಕಾಣದಿದ್ದರೂ ಕಣ್ಣಳತೆಯ ತಪಾಸಣೆಯನ್ನು ಬಿಡುವಂತಿಲ್ಲ. ಗಾಯದ ಮೇಲೆ ಟೇಪು ಸುತ್ತುವುದು ಒಳಗಿನ ನೀರನ್ನು ಬಂಧಿಸಿದಂತೆ. ತಾಮ್ರವು ಹೊಳೆಯುವವರೆಗೆ ಕತ್ತರಿಸಿ ಹೊಸ ಕನೆಕ್ಟರನ್ನು ಜೋಡಿಸಬೇಕು, ಇಲ್ಲವೆ ಕೇಬಲ್ಲನ್ನೇ ಬದಲಿಸಬೇಕು.

ನಿವಾರಣೆಯ ಮುಖ್ಯ ಸಾಧನ ಲೋಹ. ನೆಲದಿಂದ ಕಿಟಕಿಯವರೆಗಿನ ಭಾಗವನ್ನು ಜಿ.ಐ. ಪೈಪಿನೊಳಗೆ ಹಾಯಿಸಿ, ಪೈಪನ್ನು ಭೂಮಿಗೆ ಜೋಡಿಸಬೇಕು. ಹೆಣಿಗೆಯಿರುವ ಕೇಬಲ್ಲಿಗೆ ಲೋಹದ ಸಾಮೀಪ್ಯದಿಂದ ತೊಂದರೆಯಿಲ್ಲ. ಚಪ್ಪಟೆ ಜೋಡಿತಂತಿಯನ್ನು ಮಾತ್ರ ಲೋಹದಿಂದ ದೂರವಿಡಬೇಕು. ಪೈಪಿನ ಕೆಳತುದಿಯಲ್ಲಿ ನೀರು ಬಸಿಯಲು ರಂಧ್ರವಿರಲಿ, ಅದಕ್ಕೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯಿರಲಿ. ಸುಂಡಿಲಿಯು 6 ಮಿ.ಮೀ. ಸಂದಿಯಲ್ಲೂ ನುಸುಳಬಲ್ಲುದಾದ್ದರಿಂದ ಗೋಡೆಯ ರಂಧ್ರಕ್ಕೆ ಉಕ್ಕಿನ ನಾರನ್ನು ತುರುಕಿ ಗಾರೆ ಹಚ್ಚಬೇಕು.

ಕಂಬಕ್ಕೆ ತೆಂಗಿನ ತೋಟದ ಉಪಾಯವೇ ಸಾಕು. ಇಲಿ ಹತ್ತದಂತೆ ರೈತರು ಮರಕ್ಕೆ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡನ್ನು ಸುತ್ತುತ್ತಾರೆ; ಉಗುರು ಜಾರಿ ಪ್ರಾಣಿ ಹಿಂದಿರುಗುತ್ತದೆ. ಆದರೆ ಪಕ್ಕದ ಮರದ ಗರಿ ತಾಗಿದರೆ ತಗಡು ನಿಷ್ಫಲ. ಹಾಗೆಯೇ, ಕಂಬದ ಬಳಿಗೆ ಚಾಚಿದ ಕೊಂಬೆಗಳನ್ನು ಸವರದಿದ್ದರೆ ಅಳಿಲಿಗೆ ನಾವೇ ಸೇತುವೆ ಕಟ್ಟಿಕೊಟ್ಟಂತಾಗುತ್ತದೆ.

ಯಂತ್ರವನ್ನೂ ಅಂಟೆನಾವನ್ನೂ ಕಾಣಿಕೆಯಾಗಿ ನೀಡುವ ಉದಾರಿಗಳು ಪೈಪು, ಜಾಲರಿ, ತಗಡುಗಳ ವೆಚ್ಚವನ್ನೂ ಸೇರಿಸಿ ಕೊಡುವುದು ಲೇಸು. ಅವುಗಳ ಮೇಲೆ ಹೆಸರಿನ ಫಲಕ ಕಾಣದಿರಬಹುದು. ಆದರೆ ಕೊಟ್ಟ ಕಾಣಿಕೆ ಉಳಿಯುವುದು ಅವುಗಳಿಂದಲೇ. ಅಧ್ಯಾಪಕರು ಮುಂಗಾರಿಗೆ ಮೊದಲು ಹಾಗೂ ಮಳೆಗಾಲ ಕಳೆದ ಮೇಲೆ, ವಿದ್ಯಾರ್ಥಿಗಳೊಡನೆ ಕೇಬಲ್ಲನ್ನು ತುದಿಯಿಂದ ಬುಡದವರೆಗೆ ನೋಡಿ ದಿನಚರಿಯಲ್ಲಿ ಬರೆದಿಡಲಿ. ಎತ್ತರದ ಕೆಲಸವನ್ನು ಅನುಭವಿಗಳಿಗೆ ಬಿಟ್ಟು ಮಕ್ಕಳು ಕೆಳಗಿನಿಂದಲೇ ವೀಕ್ಷಿಸಲಿ. ಮೂಷಿಕವು ತನ್ನ ಸ್ವಭಾವವನ್ನು ಬಿಡಲಾರದು. ನಾವು ಬಿಡಬೇಕಾದುದು ನಮ್ಮ ಅಲಕ್ಷ್ಯವನ್ನು.