ಡೆಸ್ಕ್‌ಟಾಪನ್ನು ಆರಿಸಿಕೊಳ್ಳುವ ವಿಚಾರ

ನಮ್ಮ ಶಾಲೆಯ ಗಣಕಯಂತ್ರದ ಕೋಣೆಯಲ್ಲಿರುವ ಹನ್ನೆರಡು ಯಂತ್ರಗಳು ಹಳೆಯ ವಿದ್ಯಾರ್ಥಿನಿಯರ ಕೊಡುಗೆಯೆಂಬದು ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿ. ಅವುಗಳನ್ನು ಗುಜರಿಗೆ ಕೊಟ್ಟುಬಿಡೋಣವೇ ಎಂಬ ಪ್ರಶ್ನೆಯು 2025ರ ಕಡೆಯ ತಿಂಗಳುಗಳಲ್ಲಿ ನಮ್ಮ ಮುಂದೆ ಬಂದಿತು. ಬೋರ್ಡಿಂಗಿನಲ್ಲಿರುವ ಹುಡುಗಿಯರಿಗೆ ಈ ಕೋಣೆಯ ಯಂತ್ರಗಳ ಹೊರತು ಬೇರೆ ಗಣಕಯಂತ್ರವೇ ಇಲ್ಲವಾದ ಕಾರಣ ಆ ಪ್ರಶ್ನೆಯು ಸಣ್ಣದಾಗಿರಲಿಲ್ಲ. ಯಂತ್ರಗಳು ಉಳಿದುಕೊಂಡ ಬಗೆಯನ್ನು ಕೊಟ್ಟವರಿಗೆ ಒಪ್ಪಿಸುವದು ನನ್ನ ಕರ್ತವ್ಯವೆಂದೆಣಿಸಿ, ಅದರಿಂದ ನಾವು ಕಲಿತ ಪಾಠವನ್ನೂ ಕೂಡಿಸಿ ಬರೆಯುತ್ತೇನೆ. ಇದೇ ತೊಡಕು ಪಾಲಕರ ಮನೆಗಳಲ್ಲಿಯೂ ಇರಬಹುದು. ಯಾತಕ್ಕೆಂದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ಮುಗಿಯಿತು. ವಿಂಡೋಸ್ 11 ಆದರೋ ಹಳೆಯ ಪ್ರೊಸೆಸರುಗಳನ್ನು ಒಪ್ಪುವದಿಲ್ಲ. ಹೀಗಿರಲಾಗಿ ಚೆನ್ನಾಗಿ ನಡೆಯುವ ಯಂತ್ರಗಳೆಷ್ಟೋ ಮೂಲೆ ಸೇರಿವೆ.

ನಮ್ಮ ಯಂತ್ರಗಳಲ್ಲಿ ವಿಂಡೋಸ್ ಇರಲಿಲ್ಲ. ಲಿನಕ್ಸಿನ ಡೆಬಿಯನ್ ಎಂಬ ವಿತರಣೆಯ 12ನೆಯ ಆವೃತ್ತಿ ಇತ್ತು. 2025ರ ಆಗಸ್ಟ್ 9ರಂದು 13ನೆಯ ಆವೃತ್ತಿಯು ಹೊರಬಿದ್ದ ತರುವಾಯ, ದಸರೆಯ ರಜೆಯಲ್ಲಿ ನಾವು ಅವುಗಳನ್ನು ಹೊಸ ಆವೃತ್ತಿಗೆ ಏರಿಸಿದೆವು. ಏರಿಸುವ ಕೆಲಸವೇನೋ ಸುಗಮವಾಗಿ ನಡೆಯಿತು. ರಜೆ ತೀರಿ ಹುಡುಗಿಯರು ಬಂದು ಕುಳಿತಾಗಲೇ ತೊಂದರೆಯು ಗೋಚರಿಸಿತು. ಪರದೆಯ ಕೆಳಗಡೆ ಸದಾ ಇರುತ್ತಿದ್ದ ಪಟ್ಟಿಯು ಮಾಯವಾಗಿತ್ತು. "ಟೀಚರ್, ನಮ್ಮ ಕಂಪ್ಯೂಟರೇ ಹೋಗಿಬಿಟ್ಟಿದೆ" ಎಂದು ಎಂಟನೆಯ ತರಗತಿಯವಳೊಬ್ಬಳು ಅಳುವದಕ್ಕೇ ಆರಂಭಿಸಿದಳು. ಅವಳು ತಿಂಗಳುಗಟ್ಟಲೆ ಬರೆದಿದ್ದ ಪಾಠವು ಅಲ್ಲಿಯೇ ಸುರಕ್ಷಿತವಾಗಿತ್ತೆಂದು ತೋರಿಸಿದ ಮೇಲೆ ಸುಮ್ಮನಾದಳು.

ಆ ಹುಡುಗಿಯ ಮಾತಿನಲ್ಲಿಯೇ ಈ ಪಾಠದ ಸಾರವಿರುವದು. ನಾವು ಕಣ್ಣಿನಿಂದ ಕಾಣುವ ಪರದೆಯನ್ನೇ ಗಣಕಯಂತ್ರವೆಂದು ಭಾವಿಸುತ್ತೇವೆ. ಲಿನಕ್ಸಿನಲ್ಲಿ ಅದು ಹಾಗಲ್ಲ. ಎಲ್ಲಕ್ಕೂ ಕೆಳಗೆ ಕರ್ನೆಲ್ ಎಂಬ ತಿರುಳು; ಇದನ್ನು ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸನು 1991ರಲ್ಲಿ ಆರಂಭಿಸಿದನು. ಅದರ ಮೇಲೆ ಡೆಬಿಯನ್ನಿನಂಥ ವಿತರಣೆಯವರು ಸಾವಿರಾರು ಸಾಮಗ್ರಿಗಳನ್ನು ಹೊಂದಿಸಿಡುತ್ತಾರೆ. ಇವೆಲ್ಲವುಗಳ ಮೇಲೆ ಕಿಟಕಿಗಳು, ಪಟ್ಟಿಗಳು, ಕಡತಗಳ ಕಪಾಟು ಮೊದಲಾದವುಗಳನ್ನು ತೋರಿಸುವ ಡೆಸ್ಕ್‌ಟಾಪ್ ಇರುವದು. ಶಾಲೆಯ ಗೋಡೆ ಮಾಡುಗಳು ಬೇರೆ, ಕೋಣೆಯೊಳಗಿನ ಬೆಂಚು ಕಪ್ಪುಹಲಗೆಗಳು ಬೇರೆ ಅಲ್ಲವೇ? ಗೋಡೆಯನ್ನು ಕೆಡವದೆ ಬೆಂಚುಗಳನ್ನು ಬದಲಾಯಿಸಬಹುದು. ಒಂದೇ ಯಂತ್ರದಲ್ಲಿ ಎರಡು ಮೂರು ಡೆಸ್ಕ್‌ಟಾಪುಗಳನ್ನು ಇಟ್ಟುಕೊಂಡು ಒಳಗೆ ಬರುವಾಗ ಬೇಕಾದುದನ್ನು ಆರಿಸಲೂಬಹುದು.

ಹಾಗಾದರೆ ಪಟ್ಟಿಯು ಮಾಯವಾದದ್ದು ಯಾಕೆ? ನಮ್ಮಲ್ಲಿ ಇದ್ದದ್ದು ಗ್ನೋಮ್ ಎಂಬ ಡೆಸ್ಕ್‌ಟಾಪು. ಡೆಬಿಯನ್ 12ರಲ್ಲಿ ಅದರ 43ನೆಯ ಆವೃತ್ತಿಯೂ 13ರಲ್ಲಿ 48ನೆಯ ಆವೃತ್ತಿಯೂ ಬರುವವು. ಗ್ನೋಮಿನಲ್ಲಿ ಕೆಳಗಿನ ಪಟ್ಟಿಯು ಹುಟ್ಟಿನಿಂದಲೇ ಇರತಕ್ಕದ್ದಲ್ಲ. ಎಕ್ಸ್‌ಟೆನ್ಶನ್ ಎಂಬ ಹೊರಗಿನ ಜೋಡಣೆಯಿಂದ ನಾವು ಅದನ್ನು ತಂದುಕೊಂಡಿದ್ದೆವು. 2023ರಲ್ಲಿ ಬಂದ 45ನೆಯ ಆವೃತ್ತಿಯಲ್ಲಿ ಇಂಥ ಜೋಡಣೆಗಳನ್ನು ಬರೆಯುವ ಕ್ರಮವನ್ನೇ ಬದಲಾಯಿಸಿದ್ದರಿಂದ, ಹಳೆಯವುಗಳನ್ನು ಅವುಗಳ ಕರ್ತೃಗಳು ತಿರುಗಿ ಬರೆಯುವ ತನಕ ಅವು ನಡೆಯುವ ಹಾಗಿಲ್ಲ. ಹೊರಗಿನ ಜೋಡಣೆಗಳ ಮೇಲೆ ನೂರು ಮಕ್ಕಳ ಅಭ್ಯಾಸವನ್ನು ಕಟ್ಟಿದ್ದು ನಮ್ಮದೇ ಅವಿವೇಕ. ಇದರ ಮೇಲೆ ನಿಧಾನದ ಬಾಧೆ ಬೇರೆ. ನಮ್ಮ ಯಂತ್ರಗಳಲ್ಲಿ ರ್‍ಯಾಮ್ ಎಂಬ ಕೆಲಸದ ಸ್ಮರಣೆಯು 4 ಗಿಗಾಬೈಟ್ ಮಾತ್ರ. ಯಾವ ಕೆಲಸವನ್ನೂ ತೆರೆಯುವ ಮೊದಲೇ ಗ್ನೋಮ್ ಅದರಲ್ಲಿ ಒಂದು ಗಿಗಾಬೈಟಿಗೂ ಮಿಗಿಲಾಗಿ ತೆಗೆದುಕೊಳ್ಳುತ್ತಿತ್ತು. ನಲವತ್ತು ನಿಮಿಷದ ಪಾಠದಲ್ಲಿ ಎಷ್ಟೋ ಹೊತ್ತು ಹುಡುಗಿಯರು ಕೈಕಟ್ಟಿ ಕುಳಿತಿರುವದನ್ನು ನೋಡಿದ ಮೇಲೆ, ಗುಜರಿಯ ಮಾತೆತ್ತಿದವರನ್ನು ನಾನು ದೂರಲಾರದೆ ಹೋದೆನು.

ಡೆಸ್ಕ್‌ಟಾಪುಗಳಲ್ಲಿ ಇಷ್ಟು ಬಗೆಗಳು ಯಾಕಾದವೆಂದು ವಾಚಕರು ಕೇಳಬಹುದು. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿಯು ಕೆಡಿಇ ಎಂಬುದನ್ನು ಆರಂಭಿಸಿದನು. ಅದು ಆಧಾರವಾಗಿ ಇಟ್ಟುಕೊಂಡ ಒಂದು ಸಾಮಗ್ರಿಯ ಪರವಾನಗಿಯು ಆ ಕಾಲದಲ್ಲಿ ಪೂರ್ಣ ಸ್ವತಂತ್ರವಾಗಿರಲಿಲ್ಲವೆಂಬ ಆಕ್ಷೇಪದಿಂದ, ಮರುವರುಷವೇ ಮೆಕ್ಸಿಕೋ ದೇಶದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಎಂಬವರು ಗ್ನೋಮನ್ನು ಆರಂಭಿಸಿದರು. ಎಕ್ಸ್-ಎಫ್-ಸಿ-ಇ ಎಂಬುದು ಫ್ರಾನ್ಸಿನ ಒಲಿವಿಯೇ ಫೂರ್ಡಾನನ ಕೈಯಿಂದ 1996ರಲ್ಲಿಯೇ ಹುಟ್ಟಿದ್ದು. 2011ರಲ್ಲಿ ಗ್ನೋಮಿನವರು ತಮ್ಮ 3ನೆಯ ಆವೃತ್ತಿಯಲ್ಲಿ ಹಳೆಯ ರೂಪವನ್ನು ಪೂರ್ತಿಯಾಗಿ ಮಾರ್ಪಡಿಸಿದಾಗ ಬಹುಮಂದಿಗೆ ಅದು ಒಗ್ಗಲಿಲ್ಲ. ಹಳೆಯ ರೂಪವನ್ನೇ ಉಳಿಸಿಕೊಳ್ಳುವ ಸಲುವಾಗಿ ಅರ್ಜೆಂಟೀನಾದ ಒಬ್ಬ ಬಳಕೆದಾರನು ಮಾಟೆ ಎಂಬುದನ್ನು ತೊಡಗಿಸಿದನು. ದಕ್ಷಿಣ ಅಮೆರಿಕದವರು ನಮ್ಮ ಚಹದಂತೆ ಕುಡಿಯುವ ಎಲೆಯ ಹೆಸರೇ ಅದು. ಕೈಯ ರೂಢಿಯನ್ನು ಬಿಡುವದು ಮಕ್ಕಳಿಗೆ ಮಾತ್ರ ಕಷ್ಟವೆಂದು ತಿಳಿದಿದ್ದ ನನಗೆ ಈ ಚರಿತ್ರೆಯನ್ನು ಓದಿ ನಗು ಬಂದಿತು.

ಆರಿಸುವಾಗ ನಾವು ಅಂದಚೆಂದವನ್ನು ಕಡೆಗೆ ಇಟ್ಟೆವು. ಮೊದಲು ಯಂತ್ರದ ಶಕ್ತಿ, ತರುವಾಯ ಬಳಸುವವರ ರೂಢಿ. ಕೆಡಿಇಯ ಪ್ಲಾಸ್ಮಾ ಬಹು ಸುಂದರವಾದದ್ದು, ಬೇಕಾದಂತೆ ತಿದ್ದಿಕೊಳ್ಳಲು ಅದರಷ್ಟು ಅವಕಾಶ ಬೇರೆಲ್ಲಿಯೂ ಇಲ್ಲ. ಆದರೆ ಚಿಕ್ಕ ಹುಡುಗಿಯರ ಕೈಯಲ್ಲಿ ಆ ಅವಕಾಶವೇ ದಿನಕ್ಕೊಂದು ಗೊಂದಲವಾಗುವದು. ಎಲ್-ಎಕ್ಸ್-ಕ್ಯೂ-ಟಿ ಎಲ್ಲಕ್ಕಿಂತ ಹಗುರ. 2 ಗಿಗಾಬೈಟಿನ ಯಂತ್ರವಿದ್ದವರು ಅದನ್ನೇ ನೋಡತಕ್ಕದ್ದು. ಮಾಟೆಯೂ ಎಕ್ಸ್-ಎಫ್-ಸಿ-ಇಯೂ ನಮಗೆ ಒಪ್ಪುವಂತಿದ್ದವು. ಕಡೆಗೆ ಎಕ್ಸ್-ಎಫ್-ಸಿ-ಇಯ ಪರವಾಗಿ ನಿಶ್ಚಯವಾಯಿತು. ಅದು ಹಗುರವಾಗಿರುವದಲ್ಲದೆ ಆವೃತ್ತಿಯಿಂದ ಆವೃತ್ತಿಗೆ ತನ್ನ ರೂಪವನ್ನು ಬಹಳವಾಗಿ ಬದಲಾಯಿಸುವದಿಲ್ಲ. ಪಟ್ಟಿಯು ಅದರ ಸ್ವಂತ ಅಂಗವೇ ಆಗಿರುವದು. ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಯಾವ ಡೆಸ್ಕ್‌ಟಾಪನ್ನು ಹಾಕಿದರೂ ಅಂತರ್ಜಾಲವನ್ನು ನೋಡುವ ಬ್ರೌಸರ್ ಅದಕ್ಕಿಂತ ಹೆಚ್ಚು ಸ್ಮರಣೆಯನ್ನು ನುಂಗಬಲ್ಲದು. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಹಾಕಿಸಿದ ಎರಡು ಯಂತ್ರಗಳಲ್ಲಿ ಆದ ಸುಧಾರಣೆಯು ಡೆಸ್ಕ್‌ಟಾಪಿನ ಬದಲಾವಣೆಯಿಂದ ಆದುದಕ್ಕಿಂತ ದೊಡ್ಡದು.

ಇನ್ನು ಸ್ಥಾಪಿಸುವ ಕ್ರಮ. ಇದರಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು. ಹೊಸದು ಬರುವ ಮೊದಲು ಹಳೆಯದನ್ನು ಗುಡಿಸಿ ತೆಗೆಯುವದೇ ಸರಿಯೆಂದೆಣಿಸಿ, ಒಂದು ಯಂತ್ರದಲ್ಲಿ ಗ್ನೋಮನ್ನು ತೆಗೆಯುವಂತೆ ಆಜ್ಞೆ ಕೊಟ್ಟೆನು. ಅದರ ಸಂಗಡ ಬಂದಿದ್ದ ಇತರ ಸಾಮಗ್ರಿಗಳನ್ನೂ ತೆಗೆಯುವೆನೆಂದು ಯಂತ್ರವು ಉದ್ದವಾದ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳಿತು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಾರಿ ಓದಿರೆಂದು ಮಕ್ಕಳಿಗೆ ಹೇಳುವ ನಾನು ಒಂದು ಸಾರಿಯೂ ಓದದೆ ಒಪ್ಪಿದೆನು. ಯಂತ್ರವನ್ನು ಮತ್ತೆ ಹಚ್ಚಿದಾಗ ಕಪ್ಪು ಪರದೆ, ಬಿಳಿಯ ಅಕ್ಷರಗಳಲ್ಲಿ ಹೆಸರು ಕೇಳುವ ಒಂದು ಸಾಲು, ಅಷ್ಟೇ. ಒಳಗೆ ಬರಮಾಡುವ ಪರದೆಯೂ ಹೋಗಿತ್ತು, ಜಾಲಕ್ಕೆ ಜೋಡಿಸುವ ಸಾಮಗ್ರಿಯೂ ಹೋಗಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಹೇಳಿ ಬರೆಯಿಸಿ, ತಂತಿಯ ಮೂಲಕ ಜಾಲವನ್ನು ಎಬ್ಬಿಸಿ, ಯಂತ್ರವನ್ನು ಸರಿಪಡಿಸಿಕೊಟ್ಟಳು. "ಟೀಚರ್, ಪಟ್ಟಿಯನ್ನು ಓದಿದಿರಾ?" ಎಂದು ಅವಳು ಕೇಳಿದ ಧ್ವನಿಯು ನನ್ನದೇ ಧ್ವನಿಯಂತೆ ಇತ್ತು.

ಮಿಕ್ಕ ಯಂತ್ರಗಳಲ್ಲಿ ಕ್ರಮವಾಗಿ ನಡೆದೆವು. ಮಕ್ಕಳ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟೆವು. ಟರ್ಮಿನಲನ್ನು ತೆರೆದು, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ 'ಸುಡೊ ಟಾಸ್ಕ್‌ಸೆಲ್' ಎಂದು ಬರೆದರೆ ಡೆಸ್ಕ್‌ಟಾಪುಗಳ ಪಟ್ಟಿಯೊಂದು ಬರುವದು. ಬೇಕಾದುದರ ಮುಂದೆ ಸ್ಪೇಸ್ ಕೀಲಿಯಿಂದ ಗುರುತು ಹಾಕಬೇಕು. ಮೊದಲೇ ಇರುವ ಗುರುತುಗಳನ್ನು ಅಳಿಸಬಾರದು. ಅಳಿಸಿದರೆ ಅವುಗಳನ್ನು ತೆಗೆದುಹಾಕಬೇಕೆಂದು ಯಂತ್ರವು ತಿಳಿಯುವದು. ನಡುವೆ, ಒಳಗೆ ಬರಮಾಡುವ ಪರದೆಯು ಗ್ನೋಮಿನದಾಗಬೇಕೋ ಲೈಟ್‌ಡಿಎಂ ಎಂಬುದಾಗಬೇಕೋ ಎಂಬ ಪ್ರಶ್ನೆ ಬರಬಹುದು. ಹಗುರವಾದ ಲೈಟ್‌ಡಿಎಂ ಸಾಕು. ಯಂತ್ರವನ್ನು ಮತ್ತೆ ಹಚ್ಚಿದ ಮೇಲೆ, ಗುಪ್ತಪದವನ್ನು ಬರೆಯುವ ಮೊದಲು ಆ ಪರದೆಯ ಮೂಲೆಯಲ್ಲಿರುವ ಸಣ್ಣ ಗುರುತನ್ನು ಒತ್ತಿ ಎಕ್ಸ್-ಎಫ್-ಸಿ-ಇಯನ್ನು ಆರಿಸತಕ್ಕದ್ದು. ಪರೀಕ್ಷೆಗಾಗಿ ಹೊಸ ಬಳಕೆದಾರರ ಹೆಸರೊಂದನ್ನು ಮಾಡಿಕೊಂಡರೆ ಒಳ್ಳೆಯದು. ಎರಡು ಡೆಸ್ಕ್‌ಟಾಪುಗಳ ಹೊಂದಾಣಿಕೆಗಳು ಒಂದೇ ಮನೆಯೊಳಗೆ ಬೆರೆತು ಅಕ್ಷರಗಳ ಗಾತ್ರ, ಬಣ್ಣಗಳು ಕೆಡುವದುಂಟು. ಎರಡು ವಾರ ಎರಡನ್ನೂ ಇಟ್ಟುಕೊಂಡೆವು. ಅನಂತರವೇ, ಪಟ್ಟಿಯನ್ನು ಸಾಲುಸಾಲಾಗಿ ಓದಿ, ಗ್ನೋಮನ್ನು ತೆಗೆದೆವು.

ಕನ್ನಡ ಬರೆಯುವ ಏರ್ಪಾಡನ್ನು ಹೊಸ ಡೆಸ್ಕ್‌ಟಾಪಿನಲ್ಲಿ ಬೇರೆಯಾಗಿ ನೋಡಿಕೊಳ್ಳಬೇಕು. ಗ್ನೋಮಿನಲ್ಲಿ ಐಬಸ್ ಎಂಬ ಬರವಣಿಗೆಯ ಸಾಧನವು ಒಳಗೇ ಬೆಸೆದುಕೊಂಡಿರುವದು. ಎಕ್ಸ್-ಎಫ್-ಸಿ-ಇಯಲ್ಲಿ ಅದನ್ನು ನಾವೇ ನೇಮಿಸಬೇಕು. ಐಬಸ್ ಎಂ17ಎನ್ ಎಂಬ ಸಾಮಗ್ರಿಯನ್ನು ಸ್ಥಾಪಿಸಿದರೆ ನುಡಿಯಲ್ಲಿ ಬೆರಳು ಪಳಗಿದವರಿಗೆ ಪರಿಚಿತವಾದ ಕೆಜಿಪಿ ಕೀಲಿಮಣೆಯು ದೊರೆಯುವದು. ಅಕ್ಷರರೂಪಗಳಲ್ಲಿ ಗುಬ್ಬಿ, ನವಿಲು ಎಂಬ ಎರಡು ಡೆಬಿಯನ್ನಿನಲ್ಲಿಯೇ ಉಂಟು. ಹುಡುಗಿಯರಿಂದ "ಜ್ಞಾನ", "ಸೂರ್ಯ", "ಸ್ತ್ರೀ" ಎಂದು ಬರೆಯಿಸಿ ಒತ್ತಕ್ಷರಗಳು ಸರಿಯಾಗಿ ಕೂಡುವವೋ ಎಂದು ನೋಡಿದ ಮೇಲೆಯೇ ಆ ಯಂತ್ರವನ್ನು ತರಗತಿಗೆ ಒಪ್ಪಿಸಿದೆವು.

ಹನ್ನೆರಡರಲ್ಲಿ ಹನ್ನೊಂದು ಯಂತ್ರಗಳು ಹೀಗೆ ಉಳಿದವು. ಹನ್ನೆರಡನೆಯದು 32 ಬಿಟ್ಟಿನದು. ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಕರ್ನೆಲ್ಲೂ ಇಲ್ಲ, ಸ್ಥಾಪಿಸುವ ಸಾಧನವೂ ಇಲ್ಲ. ಅದನ್ನು 12ರಲ್ಲಿಯೇ ನಿಲ್ಲಿಸಿ, ಜಾಲಕ್ಕೆ ಜೋಡಿಸದೆ, ಬೆರಳಚ್ಚಿನ ಅಭ್ಯಾಸಕ್ಕೆ ಇಟ್ಟಿದ್ದೇವೆ.

ಮನೆಯಲ್ಲಿ ಹಳೆಯ ಯಂತ್ರವಿರುವ ಪಾಲಕರು ಏನನ್ನೂ ಅಳಿಸದೆ ಇದನ್ನು ಪರೀಕ್ಷಿಸಿ ನೋಡಬಹುದು. ಡೆಬಿಯನ್ನಿನ ಲೈವ್ ಪ್ರತಿಗಳು ಡೆಸ್ಕ್‌ಟಾಪಿಗೊಂದರಂತೆ ದೊರೆಯುತ್ತವೆ. ಅದನ್ನು ಪೆನ್ ಡ್ರೈವಿಗೆ ಇಳಿಸಿ ಅಲ್ಲಿಂದಲೇ ಯಂತ್ರವನ್ನು ಹಚ್ಚಿದರೆ ಒಳಗಿನ ಡಿಸ್ಕು ಮುಟ್ಟದ ಹಾಗೆಯೇ ಇರುವದು. ಪೆನ್ ಡ್ರೈವಿನಿಂದ ನಡೆಯುವಾಗ ಕೊಂಚ ನಿಧಾನವಾಗುವದನ್ನು ದೋಷವೆಂದು ತಿಳಿಯಬಾರದು. ಶನಿವಾರ ಮಧ್ಯಾಹ್ನ ಕೋಣೆಯು ತೆರೆದಿರುವದು. ಒಂಬತ್ತನೆಯ ತರಗತಿಯ ಹುಡುಗಿಯರು ತೋರಿಸಿಕೊಡುವರು. ಬರುವಾಗ 8 ಗಿಗಾಬೈಟಿನ ಖಾಲಿ ಪೆನ್ ಡ್ರೈವೊಂದನ್ನು ತರಬೇಕು. ಅದರಲ್ಲಿ ಮೊದಲು ಇದ್ದುದೆಲ್ಲವೂ ಅಳಿದುಹೋಗುವದು.